ಟ್ರೆಂಟಿನೋ ಬೆಟ್ಟಸೀಮೆಯ ಶಾರ್ಡೊನೆ ದ್ರಾಕ್ಷಿ

ಇಟಲಿ ದೇಶದ ಉತ್ತರದಂಚಿನಲ್ಲಿ, ಆಲ್ಪ್ಸ್ ಪರ್ವತಶ್ರೇಣಿಯ ಮಡಿಲಿನಲ್ಲಿ, ಟ್ರೆಂಟಿನೋ ಎಂಬ ಪ್ರಾಂತವೊಂದುಂಟು. ಅಡಿಜೆ ಎಂಬ ನದಿಯು ಉತ್ತರದಿಂದ ದಕ್ಷಿಣಕ್ಕೆ ಈ ಪ್ರಾಂತವನ್ನು ಸೀಳಿಕೊಂಡು ಹರಿಯುವುದು. ನದಿಯ ದಡದಲ್ಲಿರುವ ಟ್ರೆಂಟೊ ಪಟ್ಟಣವು ಅದರ ಮುಖ್ಯಸ್ಥಳ. ಪ್ರಾಂತದ ನೆಲದಲ್ಲಿ ಅರ್ಧಕ್ಕೂ ಮಿಗಿಲಾದ ಭಾಗ ಸಮುದ್ರಮಟ್ಟದಿಂದ ಮೂರು ಸಾವಿರ ಅಡಿಗಳಿಗಿಂತ ಮೇಲಿರುವುದರಿಂದ ಕಾಡು, ಬಂಡೆ, ಹುಲ್ಲುಗಾವಲುಗಳಿಗೆ ಹೋಗಿ ಉಳಿಯುವ ಸಾಗುವಳಿಯ ಭೂಮಿ ಬಹು ಸ್ವಲ್ಪ. ಅದರಲ್ಲಿ ಸೇಬು ಮತ್ತು ದ್ರಾಕ್ಷಿ ಮುಖ್ಯವಾದ ಬೆಳೆಗಳು. ದ್ರಾಕ್ಷಿಯ ತೋಟಗಳ ವಿಸ್ತೀರ್ಣ ಸುಮಾರು ೧೦,೦೦೦ ಹೆಕ್ಟೇರು, ಎಂದರೆ ೨೫,೦೦೦ ಎಕರೆಗಳಷ್ಟಾಗುವುದು. ಇದು ಸಾವಿರಾರು ಕುಟುಂಬಗಳಿಗೆ ಹಂಚಿಹೋಗಿರುವುದರಿಂದ ಒಬ್ಬ ಬೇಸಾಯಗಾರನ ಕೈಯಲ್ಲಿರುವ ತೋಟ ಮೂರು ಎಕರೆಯ ಆಸುಪಾಸಿನಲ್ಲಿರುವುದು. ಅದೂ ಅನೇಕ ವೇಳೆ ಒಂದೇ ಕಡೆಯಲ್ಲಿರದೆ ತುಂಡುತುಂಡಾಗಿರುವುದು.

ಇಷ್ಟು ಚಿಕ್ಕ ಹಿಡುವಳಿಯುಳ್ಳವನು ಕಡಿದಾದ ಇಳಿಜಾರಿನಲ್ಲಿ ದುಡಿದು, ಯಂತ್ರಗಳಿಂದ ಕೊಯ್ಲುಮಾಡುವ ಬಯಲುಸೀಮೆಯ ದೊಡ್ಡ ತೋಟದವನೊಡನೆ ಅಗ್ಗದ ಸರಕಿನಲ್ಲಿ ಪೈಪೋಟಿ ನಡೆಸುವುದು ಆಗದ ಮಾತು. ಬಯಲಿನವನಿಗೆ ಕೈಗೂಡದ ಪದಾರ್ಥವನ್ನು ಬೆಳೆದರೆ ಮಾತ್ರ ಬೆಟ್ಟದವನ ಒಲೆ ಉರಿಯುವುದು. ಟ್ರೆಂಟಿನೋದವರಿಗೆ ಅಂತಹ ಪದಾರ್ಥವೆಂದರೆ ಶಾರ್ಡೊನೆ ಎಂಬ ಬಿಳಿಯ ದ್ರಾಕ್ಷಿಯೂ, ಅದರಿಂದ ಇಳಿಸುವ ನೊರೆಗಟ್ಟುವ ದ್ರಾಕ್ಷಾರಸವೂ ಆಗಿವೆ. ಮದ್ಯಪಾನದ ಇಷ್ಟಾನಿಷ್ಟಗಳ ವಿಚಾರ ಇಲ್ಲಿಯ ಪ್ರಸ್ತಾಪಕ್ಕೆ ಸೇರಿದುದಲ್ಲ. ಕುಡಿಯದವನಿಗೂ ಆ ಸೀಮೆಯ ಸಾಗುವಳಿಯ ಕ್ರಮದಲ್ಲಿ ತಿಳಿಯತಕ್ಕ ಅಂಶಗಳು ಸಾಕಷ್ಟಿವೆ.

ಶಾರ್ಡೊನೆಯ ಹುಟ್ಟೂರು ಇಟಲಿಯಲ್ಲ. ಫ್ರಾನ್ಸ್ ದೇಶದ ಬರ್ಗಂಡಿ. ಅಲ್ಲಿ ಅದೇ ಹೆಸರಿನ ಒಂದು ಹಳ್ಳಿಯೂ ಉಂಟು. ಈ ತಳಿಯ ತಂದೆತಾಯಿಗಳು ಯಾವುವೆಂಬುದು ಬಹುಕಾಲ ವಾದದ ವಿಷಯವಾಗಿತ್ತು. ೧೯೯೯ನೆಯ ಇಸವಿಯಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ವಿದ್ವಾಂಸರು ವಂಶವಾಹಿಗಳ ಪರೀಕ್ಷೆಯಿಂದ ಇದು ಪೀನೋ ಮತ್ತು ಗುವೇ ಬ್ಲಾಂ ಎಂಬ ಎರಡು ತಳಿಗಳ ಸಂಕರದಿಂದ ಹುಟ್ಟಿದುದೆಂದು ತೋರಿಸಿಕೊಟ್ಟರು. ಪೀನೋ ಎಂಬುದು ಸಿರಿವಂತರ ತೋಟದ ಮಾನ್ಯವಾದ ಬಳ್ಳಿ. ಗುವೇ ಬ್ಲಾಂ ಎಂಬುದೋ, ಬಡ ರೈತರು ಕೆಟ್ಟ ನೆಲದಲ್ಲಿ ಬೆಳೆಯುತ್ತಿದ್ದ ಒರಟು ದ್ರಾಕ್ಷಿ; ಅದನ್ನು ಕಿತ್ತುಹಾಕಬೇಕೆಂದು ಅಧಿಕಾರಿಗಳು ಮತ್ತೆ ಮತ್ತೆ ಕಟ್ಟುಪಾಡು ಮಾಡಿದ್ದುಂಟು. ಕೀಳೆಂದು ತಳ್ಳಿದ ಆ ಬಳ್ಳಿಯ ಮಗಳು ಇಂದು ಪ್ರಪಂಚದ ದ್ರಾಕ್ಷಿಸೀಮೆಗಳಲ್ಲೆಲ್ಲಾ ಹರಡಿರುವುದು. ನಾಟಿ ತಳಿಗಳನ್ನು ನಿರ್ಲಕ್ಷ್ಯದಿಂದ ಕಾಣುವವರು ಈ ಸಂಗತಿಯನ್ನು ಗಮನಿಸಬಹುದು.

ಇಟಲಿಯಲ್ಲಿ ಈ ಬಳ್ಳಿಯ ಗುರುತೇ ಬಹುಕಾಲ ತಪ್ಪಿಹೋಗಿತ್ತು. ಪೀನೋ ಬಿಯಾಂಕೊ ಎಂಬ ಮತ್ತೊಂದು ಬಿಳಿಯ ದ್ರಾಕ್ಷಿಯ ಎಲೆ, ಗೊಂಚಲು, ಕಾಯಿ ಇವೆಲ್ಲವೂ ಶಾರ್ಡೊನೆಯನ್ನೇ ಹೋಲುವುದರಿಂದ ಎರಡನ್ನೂ ಒಂದೇ ತೋಟದಲ್ಲಿ ಬೆರಸಿ ನೆಟ್ಟು ಒಂದೇ ಹೆಸರಿನಿಂದ ಕರೆಯುತ್ತಿದ್ದರು. ಬಲ್ಲವರು ಎಲೆಯ ತೊಟ್ಟು ಸೇರುವ ಕಚ್ಚನ್ನು ನೋಡಿ ಬೇರೆಮಾಡುವರು: ಶಾರ್ಡೊನೆಯಲ್ಲಿ ಆ ಕಚ್ಚಿನ ಅಂಚಿಗೆ ಎಲೆಯ ಹಸುರು ಭಾಗವಿಲ್ಲದೆ ನರವೇ ಬರಿದಾಗಿ ಕಾಣುವುದು, ಪೀನೋ ಬಿಯಾಂಕೊದಲ್ಲಿ ಹಾಗಿಲ್ಲ. ೧೯೭೮ರಲ್ಲಿ ಮಾತ್ರ ಇಟಲಿಯ ಸರ್ಕಾರಿ ತಳಿಪಟ್ಟಿಯಲ್ಲಿ ಶಾರ್ಡೊನೆಗೆ ಪ್ರತ್ಯೇಕ ಸ್ಥಾನ ದೊರೆಯಿತು. ಈಗ ಟ್ರೆಂಟಿನೋದಲ್ಲಿ ಅತಿ ವಿಸ್ತಾರವಾಗಿ ನೆಟ್ಟಿರುವ ಎರಡು ತಳಿಗಳಲ್ಲಿ ಅದೊಂದು.

ಈ ದ್ರಾಕ್ಷಿಗೆ ಬೆಟ್ಟದ ತಂಪು ಏಕೆ ಬೇಕೆಂಬುದನ್ನು ಸ್ವಲ್ಪ ವಿವರಿಸಬೇಕು. ಕಾಯಿ ಬಲಿಯುವಾಗ ಎಲೆಗಳು ಬಿಸಿಲಿನ ಸಹಾಯದಿಂದ ಸಕ್ಕರೆಯನ್ನು ತಯಾರಿಸಿ ಕಾಯಿಗೆ ಕಳುಹಿಸುವುವು. ಅದೇ ಕಾಲದಲ್ಲಿ ಕಾಯಿಯೊಳಗಿನ ಹುಳಿ ಕಡಮೆಯಾಗುತ್ತಾ ಬರುವುದು. ಹುಳಿಯಲ್ಲಿ ಎರಡು ಬಗೆಗಳು ಮುಖ್ಯ. ಒಂದು ಹುಣಿಸೆಹಣ್ಣಿನಲ್ಲಿಯೂ ಇರುವ ಟಾರ್ಟಾರಿಕ್ ಆಮ್ಲ. ಇನ್ನೊಂದು ಸೇಬಿನಲ್ಲಿರುವ ಮ್ಯಾಲಿಕ್ ಆಮ್ಲ. ಮೊದಲನೆಯದು ಸೆಕೆಗೆ ಅಷ್ಟಾಗಿ ಕರಗುವುದಿಲ್ಲ. ಎರಡನೆಯದನ್ನು ಕಾಯಿಯು ತನ್ನ ಉಸಿರಾಟಕ್ಕೆ ಉಪಯೋಗಿಸಿಕೊಳ್ಳುವುದರಿಂದ, ಗಾಳಿ ಕಾದಷ್ಟೂ ಅದು ಬೇಗ ಮುಗಿದುಹೋಗುವುದು. ಸೆಕೆಯ ಬಯಲಿನಲ್ಲಿ ಸಕ್ಕರೆ ಏರುವಷ್ಟರಲ್ಲಿ ಹುಳಿ ಹೋಗಿ ರಸ ಸಪ್ಪೆಯಾಗುವುದು. ಹುಳಿಯನ್ನು ಉಳಿಸಲೆಂದು ಮೊದಲೇ ಕೊಯ್ದರೆ ಪರಿಮಳ ಹುಟ್ಟಿರುವುದಿಲ್ಲ. ಬೆಟ್ಟದಲ್ಲಿ ಹಗಲು ಬಿಸಿಲು ಚೆನ್ನಾಗಿದ್ದು ರಾತ್ರಿ ತಣ್ಣಗಾಗುವುದರಿಂದ ಸಕ್ಕರೆ, ಹುಳಿ, ಪರಿಮಳ ಮೂರೂ ಒಟ್ಟಿಗೆ ಕೈಗೆ ಬರುವುವು. ನೊರೆಯ ದ್ರಾಕ್ಷಾರಸಕ್ಕೆ ಹುಳಿಯೇ ಬೆನ್ನೆಲುಬು.

ಎತ್ತರವೊಂದೇ ತಂಪಿಗೆ ಕಾರಣವೆಂದು ಭಾವಿಸಬಾರದು. ಟ್ರೆಂಟೊ ಪಟ್ಟಣವಿರುವ ಕಣಿವೆಯ ತಳ ಸಮುದ್ರಮಟ್ಟಕ್ಕಿಂತ ಕೇವಲ ೬೦೦ ಅಡಿಗಳಷ್ಟು ಮೇಲಿರುವುದು. ಅಲ್ಲಿಯ ದ್ರಾಕ್ಷಿತೋಟಗಳು ಏರಿರುವುದು ಸುಮಾರು ೨,೬೦೦ ಅಡಿಗಳವರೆಗೆ. ಬೆಂಗಳೂರಿನ ಎತ್ತರವೇ ೩,೦೦೦ ಅಡಿ! ಆದರೆ ಟ್ರೆಂಟೊ ಭೂಮಧ್ಯರೇಖೆಯಿಂದ ೪೬ ಡಿಗ್ರಿ ಉತ್ತರಕ್ಕಿದೆ, ಬೆಂಗಳೂರು ೧೩ ಡಿಗ್ರಿಯಷ್ಟು ಮಾತ್ರ. ಆದುದರಿಂದ ಅಲ್ಲಿ ಚಳಿಗಾಲದಲ್ಲಿ ಹಿಮ ಬಿದ್ದು, ಬಳ್ಳಿಯು ಎಲೆಯುದುರಿಸಿ ತಿಂಗಳುಗಟ್ಟಲೆ ನಿದ್ರೆಮಾಡುವುದು. ಏಪ್ರಿಲ್ ತಿಂಗಳಲ್ಲಿ ಚಿಗುರಿ, ಆಗಸ್ಟ್ ಕೊನೆಯಿಂದ ಸೆಪ್ಟೆಂಬರಿನೊಳಗೆ ಹಣ್ಣಾಗುವುದು. ವರ್ಷಕ್ಕೆ ಒಂದೇ ಸವರುವಿಕೆ, ಒಂದೇ ಬೆಳೆ. ಕನ್ನಡನಾಡಿನಲ್ಲಿ ಬಳ್ಳಿಗೆ ನಿದ್ರೆಯೆಂಬುದಿಲ್ಲದ್ದರಿಂದ ಬಿಜಾಪುರದ ಕಡೆ ಏಪ್ರಿಲಿನಲ್ಲೊಂದು, ಅಕ್ಟೋಬರಿನಲ್ಲೊಂದು ಚಾಟನಿ ಮಾಡಿ ಬಳ್ಳಿಯನ್ನು ಕೈಯಿಂದಲೇ ನಡೆಸಬೇಕಾಗಿರುವುದು. ನಂದಿಬೆಟ್ಟದ ತಪ್ಪಲಿನಲ್ಲಿ ೧೯೮೦ರ ದಶಕದ ಕೊನೆಯಿಂದ ಫ್ರೆಂಚ್ ತಳಿಗಳನ್ನು ಬೆಳೆಸುತ್ತಾ ಬಂದಿರುವರಾದರೂ, ಟ್ರೆಂಟಿನೋದ ಪಂಚಾಂಗವನ್ನು ಅಲ್ಲಿಗೆ ತಂದು ನಡೆಸುವುದು ಸಾಧ್ಯವಿಲ್ಲ.

ಗಾಳಿಯು ಸಾಮಾನ್ಯವಾಗಿ ನೂರು ಮೀಟರು ಮೇಲೇರಿದಂತೆ ಅರ್ಧ ಡಿಗ್ರಿಗೂ ಸ್ವಲ್ಪ ಹೆಚ್ಚಾಗಿ ತಣಿಯುವುದು. ಹೀಗಾಗಿ ಒಂದೇ ಹಳ್ಳಿಯ ಎಲ್ಲೆಯಲ್ಲಿ ಕೆಳಗಿನ ತೋಟ ಕೊಯ್ಲಾದ ಎಷ್ಟೋ ದಿನಗಳ ಮೇಲೆ ಮೇಲಿನ ತೋಟ ಕೊಯ್ಲಿಗೆ ಬರುವುದು. ಇದರ ಜೊತೆಗೆ ದಕ್ಷಿಣದಲ್ಲಿರುವ ಗಾರ್ಡಾ ಎಂಬ ದೊಡ್ಡ ಸರೋವರದ ಕಡೆಯಿಂದ ಹಗಲಿನಲ್ಲಿ 'ಓರ' ಎಂಬ ಗಾಳಿ ಕಣಿವೆಗಳನ್ನು ಹಿಡಿದು ಮೇಲಕ್ಕೆ ಬೀಸುವುದು. ವರ್ಷಕ್ಕೆ ಸುಮಾರು ೩೫ರಿಂದ ೪೦ ಅಂಗುಲ ಮಳೆ ಬೀಳುವ, ಅದರಲ್ಲಿಯೂ ಬೇಸಗೆಯಲ್ಲಿ ಮಳೆಯಾಗುವ ಆ ಸೀಮೆಯಲ್ಲಿ, ಎಲೆಯ ಮೇಲಿನ ನೀರನ್ನು ಆರಿಸುವ ಈ ಗಾಳಿಯು ರೋಗಗಳನ್ನು ತಡೆಯುವುದಕ್ಕೆ ಬಹಳ ಸಹಾಯಕ.

ಬಳ್ಳಿಯನ್ನು ಹಬ್ಬಿಸುವ ಕ್ರಮವು ಕನ್ನಡನಾಡಿನ ದ್ರಾಕ್ಷಿ ಬೆಳೆಗಾರರಿಗೆ ಕುತೂಹಲಕರವಾದುದು. ಬೆಂಗಳೂರು, ಚಿಕ್ಕಬಳ್ಳಾಪುರದ ಸೀಮೆಗಳಲ್ಲಿ ಬೆಂಗಳೂರು ನೀಲಿ ದ್ರಾಕ್ಷಿಗೆ ಕಲ್ಲುಕಂಬ ನೆಟ್ಟು ತಂತಿಯೆಳೆದು ತಲೆಯ ಮೇಲೆ ಸಮತಟ್ಟಾದ ಚಪ್ಪರ ಹಾಕುವರಷ್ಟೆ. ಟ್ರೆಂಟಿನೋದಲ್ಲಿಯೂ ಚಪ್ಪರವೇ ಹಿಂದಿನಿಂದ ಬಂದ ಪದ್ಧತಿ. ಅದನ್ನು ಪೆರ್ಗೋಲ ಎನ್ನುವರು. ಆದರೆ ಅದು ಸಮತಟ್ಟಲ್ಲ. ಕಂಬದಿಂದ ಹೊರಟ ತೋಳು ಮೇಲ್ಮುಖವಾಗಿ, ಎತ್ತಿದ ಕೈಯಂತೆ, ಓರೆಯಾಗಿ ಏರಿರುವುದು. ಇಳಿಜಾರಿನ ತೋಟದಲ್ಲಿ ಒಂದೇ ತೋಳು. ಬಯಲಿನಲ್ಲಿ ಎರಡೂ ಕಡೆಗೆ ಎರಡು ತೋಳುಗಳು. ತೋಳುಗಳ ಮೇಲಿನ ತಂತಿಗಳಿಗೆ ಬಳ್ಳಿಯ ಕಡ್ಡಿಗಳನ್ನು ಕಟ್ಟಿದರೆ ಎಲೆಗಳು ಮೇಲೆ ಬಿಸಿಲಿಗೆ ಹರಡಿ, ಗೊಂಚಲುಗಳು ಕೆಳಗೆ ನೆರಳಿನಲ್ಲಿ ತೂಗುವುವು. ಹಣ್ಣಿಗೆ ಬಿಸಿಲಿನ ಸುಡುತ ತಗಲದು. ನೆಲದ ತೇವದಿಂದ ಗೊಂಚಲು ದೂರವಿರುವುದು. ಕೊಯ್ಯುವವನು ಬೆನ್ನು ಬಗ್ಗಿಸಬೇಕಾಗಿಲ್ಲ. ಬಡತನದ ಹಿಂದಿನ ಕಾಲದಲ್ಲಿ ಸಾಲುಗಳ ನಡುವಣ ನೆಲದಲ್ಲಿ ಮುಸುಕಿನ ಜೋಳ, ತರಕಾರಿಗಳನ್ನೂ ತೆಗೆಯುತ್ತಿದ್ದರು.

ಈ ಪದ್ಧತಿಯ ಗುಣವೇ ಅದರ ದೋಷವೂ ಆಗಿದೆ. ಚಪ್ಪರದ ಬಳ್ಳಿಯು ಧಾರಾಳವಾಗಿ ಕಾಯಿ ಕಟ್ಟುವುದು. ಕಾಯಿ ಹೆಚ್ಚಾದಂತೆ ಒಂದೊಂದರ ಸಾರ ತೆಳುವಾಗುವುದು. ನೊರೆಯ ದ್ರಾಕ್ಷಾರಸಕ್ಕೆ ಸಲ್ಲುವ ತೋಟಗಳಲ್ಲಿ ಹೆಕ್ಟೇರಿಗೆ ೧೫೦ ಕ್ವಿಂಟಲಿಗಿಂತ ಹೆಚ್ಚು ಹಣ್ಣು ತೆಗೆಯಕೂಡದೆಂದು ನಿಯಮವೇ ಇದೆ. ಎಕರೆಗೆ ಲೆಕ್ಕಹಾಕಿದರೆ ೬೦ ಕ್ವಿಂಟಲು. ಒಳ್ಳೆಯ ಹೆಸರು ಬೇಕೆನ್ನುವವರು ಇದಕ್ಕಿಂತಲೂ ಕಡಮೆಗೆ ತಾವಾಗಿಯೇ ಇಳಿಯುವರು. ಇದಕ್ಕಾಗಿ ಚಳಿಗಾಲದಲ್ಲಿ ಕಣ್ಣುಗಳನ್ನು ಎಣಿಸಿ ಸವರುವುದಲ್ಲದೆ, ಬೇಸಗೆಯ ನಡುವೆ ಎಳೆಯ ಗೊಂಚಲುಗಳನ್ನು ಕತ್ತರಿಸಿ ನೆಲಕ್ಕೆ ಚೆಲ್ಲುವರು. ಹಸಿವಿನ ಕಾಲವನ್ನು ಕಂಡ ಹಿರಿಯರಿಗೆ ಮಕ್ಕಳು ಹೀಗೆ ಬೆಳೆಯನ್ನು ಮಣ್ಣುಪಾಲು ಮಾಡುವುದನ್ನು ನೋಡುವುದು ಸುಲಭವಾಗಿರಲಿಲ್ಲವೆಂದು ಬೇರೆ ಹೇಳಬೇಕಾಗಿಲ್ಲ. ಈಚೆಗೆ ಕೆಲವರು ಚಪ್ಪರವನ್ನು ಬಿಟ್ಟು, ಫ್ರಾನ್ಸಿನವರಂತೆ ಬೇಲಿಯ ಹಾಗೆ ನೆಟ್ಟಗೆ ನಿಲ್ಲುವ ತಂತಿಸಾಲುಗಳಿಗೆ ಬದಲಾಯಿಸಿದ್ದಾರೆ. ಬೇಸಗೆಯ ಸೆಕೆ ಹೆಚ್ಚುತ್ತಿರುವ ಈ ದಿನಗಳಲ್ಲಿ ಎಲೆಯ ನೆರಳನ್ನು ಕೊಡುವ ಹಳೆಯ ಚಪ್ಪರವೇ ಲೇಸೆಂದು ಹೇಳುವವರೂ ಉಂಟು. ನೆಲ, ಇಳಿಜಾರು, ಎತ್ತರಗಳನ್ನು ನೋಡದೆ ಒಂದೇ ಕ್ರಮವನ್ನು ಎಲ್ಲರಿಗೂ ವಿಧಿಸುವುದು ಸರಿಯಲ್ಲವೆಂಬುದಂತೂ ಎರಡು ಪಕ್ಷದವರ ವಾದದಿಂದಲೂ ತೋರುವುದು.

ಶಾರ್ಡೊನೆಗೆ ಒಂದು ದೊಡ್ಡ ಅಪಾಯವುಂಟು: ಅದು ಉಳಿದ ತಳಿಗಳಿಗಿಂತ ಮೊದಲೇ ಚಿಗುರುವುದು. ಏಪ್ರಿಲಿನಲ್ಲಿ ಮೋಡವಿಲ್ಲದ ಒಂದು ರಾತ್ರಿ ಇಬ್ಬನಿ ಹೆಪ್ಪುಗಟ್ಟಿದರೆ ಎಳೆಯ ಚಿಗುರೆಲ್ಲಾ ಬೆಳಗಾಗುವಷ್ಟರಲ್ಲಿ ಕರಗಿ ಕಪ್ಪಾಗುವುದು. ೨೦೧೭ನೆಯ ಇಸವಿಯ ಏಪ್ರಿಲ್ ಮೂರನೆಯ ವಾರದಲ್ಲಿ ಹಾಗೆಯೇ ಆಗಿ ಟ್ರೆಂಟಿನೋದ ಸೇಬಿನ ತೋಟಗಳೂ ದ್ರಾಕ್ಷಿತೋಟಗಳೂ ಬಹಳವಾಗಿ ನಷ್ಟಹೊಂದಿದುವು. ತಣ್ಣನೆಯ ಗಾಳಿಯು ನೀರಿನಂತೆ ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ ನಿಲ್ಲುವುದರಿಂದ ಇಂತಹ ರಾತ್ರಿಗಳಲ್ಲಿ ಕಣಿವೆಯ ತಳಕ್ಕಿಂತ ಬೆಟ್ಟದ ನಡುಭಾಗವೇ ಸುರಕ್ಷಿತ. ಸೇಬಿನ ತೋಟದವರು ಅನುಸರಿಸುವ ಉಪಾಯ ಮೊದಲು ಕೇಳಿದವರಿಗೆ ವಿಚಿತ್ರವಾಗಿ ತೋರುವುದು: ರಾತ್ರಿಯೆಲ್ಲಾ ಗಿಡಗಳ ಮೇಲೆ ತುಂತುರು ನೀರು ಚಿಮುಕಿಸುವರು. ನೀರು ಮಂಜುಗಡ್ಡೆಯಾಗುವಾಗ ಒಂದು ಗ್ರಾಮಿಗೆ ೮೦ ಕ್ಯಾಲೊರಿಯಷ್ಟು ಶಾಖವನ್ನು ಹೊರಬಿಡುವುದು. ಹೆಪ್ಪುಗಟ್ಟುವಿಕೆ ಎಡೆಬಿಡದೆ ನಡೆಯುತ್ತಿರುವವರೆಗೂ ಮಂಜಿನ ಚಿಪ್ಪಿನೊಳಗಿನ ಮೊಗ್ಗು ಸೊನ್ನೆ ಡಿಗ್ರಿಯ ಹತ್ತಿರವೇ ನಿಂತು ಬದುಕಿಕೊಳ್ಳುವುದು. ನಡುವೆ ನೀರು ನಿಂತಿತೋ, ನೀರು ಹಾಕದಿದ್ದುದಕ್ಕಿಂತ ಹೆಚ್ಚಿನ ಕೇಡು.

ರೋಗಗಳ ಕಥೆ ಇನ್ನೂ ಹಳೆಯದು. ೧೯ನೆಯ ಶತಮಾನದ ಎರಡನೆಯ ಅರ್ಧದಲ್ಲಿ ಅಮೆರಿಕದಿಂದ ಬಂದ ಬೂದಿರೋಗ, ಬೇರನ್ನು ತಿನ್ನುವ ಫಿಲಾಕ್ಸೆರ ಎಂಬ ಹೇನು, ಎಲೆಯನ್ನು ಕೊಳೆಯಿಸುವ ಕೆಳಬೂಜು, ಒಂದರ ಹಿಂದೊಂದು ಯೂರೋಪಿನ ದ್ರಾಕ್ಷಿಯನ್ನು ಹಾಳುಮಾಡಿದುವು. ಹೇನಿಗೆ ಅಮೆರಿಕದ ಬಳ್ಳಿಯ ಬೇರಿನ ಮೇಲೆ ಯೂರೋಪಿನ ಬಳ್ಳಿಯನ್ನು ಕಸಿಮಾಡುವುದೇ ಪರಿಹಾರವಾಯಿತು. ಇಂದಿಗೂ ಶಾರ್ಡೊನೆಯನ್ನು ಹಾಗೆಯೇ ನೆಡುವರು. ಕೆಳಬೂಜಿಗೆ ೧೮೮೫ರಲ್ಲಿ ಫ್ರಾನ್ಸಿನ ಬೋರ್ಡೋ ಪಟ್ಟಣದ ಪ್ರೊಫೆಸರ್ ಮಿಲ್ಲಾರ್ಡೆಯವರು ಮೈಲುತುತ್ತವನ್ನೂ ಸುಣ್ಣವನ್ನೂ ಬೆರಸಿದ ದ್ರಾವಣವನ್ನು ಪ್ರಕಟಿಸಿದರು. ಮಲೆನಾಡಿನ ಅಡಕೆಯ ತೋಟದವರು ಮಳೆಗಾಲಕ್ಕೆ ಮುಂಚೆ ಕೊಳೆರೋಗಕ್ಕೆಂದು ಕೊನೆಗಳಿಗೆ ಸಿಂಪಡಿಸುವ ಬೋರ್ಡೋ ದ್ರಾವಣ ಇದೇ. ದ್ರಾಕ್ಷಿಗೆಂದು ಹುಟ್ಟಿದ ಔಷಧವನ್ನು ಅಡಕೆಗೆ ಹೊಂದಿಸಿಕೊಟ್ಟವರು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಡಾಕ್ಟರ್ ಲೆಸ್ಲಿ ಕೋಲ್ಮನ್ನರು. ಅದಕ್ಕೂ ಈಗ ನೂರು ವರ್ಷಗಳು ಮೀರಿದುವು.

ಗೊಂಚಲಿಗೆ ಬೀಳುವ ಹುಳುವಿನ ವಿಷಯದಲ್ಲಿ ಟ್ರೆಂಟಿನೋದವರು ನಡೆಸಿರುವ ಕೆಲಸವನ್ನು ಗ್ರಾಮದ ಮುಖಂಡರು ವಿಶೇಷವಾಗಿ ತಿಳಿಯತಕ್ಕುದು. ಒಂದು ಜಾತಿಯ ಸಣ್ಣ ಪತಂಗವು ಗೊಂಚಲಿನಲ್ಲಿ ಮೊಟ್ಟೆಯಿಡುವುದು. ಮರಿಹುಳು ಕಾಯನ್ನು ಕೊರೆದ ಗಾಯದಿಂದ ಕೊಳೆ ಹತ್ತುವುದು. ಹೆಣ್ಣು ಪತಂಗವು ಗಂಡನ್ನು ಕರೆಯಲು ಒಂದು ವಾಸನೆಯನ್ನು ಬಿಡುತ್ತದೆ. ಆ ವಾಸನೆಯನ್ನು ಕೃತಕವಾಗಿ ತಯಾರಿಸಿ ಸಣ್ಣ ಕೊಳವೆಗಳಲ್ಲಿ ತುಂಬಿ, ಹೆಕ್ಟೇರಿಗೆ ಸುಮಾರು ೫೦೦ರಂತೆ ಬಳ್ಳಿಗಳಿಗೆ ಕಟ್ಟಿದರೆ ತೋಟವೆಲ್ಲಾ ಒಂದೇ ವಾಸನೆಯಾಗಿ ಗಂಡಿಗೆ ಹೆಣ್ಣಿನ ದಿಕ್ಕೇ ತಿಳಿಯದು. ಕೂಡಿಕೆಯಿಲ್ಲದ ಮೇಲೆ ಮೊಟ್ಟೆಯಿಂದ ಮರಿಯೂ ಇಲ್ಲ. ವಿಷದ ಸಿಂಪಡಿಕೆ ಬೇಕಿಲ್ಲ. ತೋಟದವರು ತಿಳಿದಿರುವ ಮೋಹಕ ಬಲೆಗೂ ಇದಕ್ಕೂ ಮೂಲ ಒಂದೇ. ಬಲೆಯು ಗಂಡನ್ನು ಹಿಡಿಯುವುದು, ಇದು ದಾರಿತಪ್ಪಿಸುವುದು.

ಆದರೆ ಒಬ್ಬನು ಕಟ್ಟಿ ಪಕ್ಕದವನು ಬಿಟ್ಟರೆ ಇದು ವ್ಯರ್ಥ. ಪಕ್ಕದ ತೋಟದಲ್ಲಿ ಕೂಡಿದ ಹೆಣ್ಣು ಹಾರಿಬಂದು ಇಲ್ಲಿ ಮೊಟ್ಟೆಯಿಡುವುದು. ಮೂರು ಮೂರು ಎಕರೆಯ ತುಂಡುಗಳಿರುವ ಕಣಿವೆಯಲ್ಲಿ ಒಂದು ಗ್ರಾಮದ ತೋಟದವರೆಲ್ಲರೂ ಗೊತ್ತಾದ ದಿನಗಳಲ್ಲಿಯೇ ಒಟ್ಟಾಗಿ ಕಟ್ಟಬೇಕು. ೧೯೯೦ರ ದಶಕದಿಂದ ಮೊದಲಾಗಿ ಹಳ್ಳಿಹಳ್ಳಿಗೂ ಹಬ್ಬಿ, ಈಗ ಪ್ರಾಂತದ ದ್ರಾಕ್ಷಿಯ ನೆಲದ ಬಹುಭಾಗದಲ್ಲಿ ಈ ಕ್ರಮವೇ ನಡೆಯುತ್ತಿದೆ. ಒಪ್ಪದವನನ್ನು ಒಪ್ಪಿಸುವ ಕೆಲಸ ಪ್ರಯೋಗಶಾಲೆಯಲ್ಲಿ ಆಗುವಂಥದಲ್ಲ, ಊರಿನವರೇ ಮಾಡಬೇಕಾದುದು.

ಇವೆಲ್ಲಕ್ಕೂ ಹಿಂದೆ ನಿಂತಿರುವ ಸಂಸ್ಥೆಗಳು ಎರಡು ಬಗೆ: ಒಂದು ಶಾಲೆ, ಇನ್ನೊಂದು ಸಹಕಾರ ಸಂಘ. ಟ್ರೆಂಟಿನೋ ಆಗ ಇಟಲಿಗೆ ಸೇರಿರಲಿಲ್ಲ. ಮೊದಲನೆಯ ಮಹಾಯುದ್ಧ ಮುಗಿಯುವವರೆಗೂ ಆಸ್ಟ್ರಿಯಾ ಚಕ್ರವರ್ತಿಯ ಆಳ್ವಿಕೆಯಲ್ಲಿತ್ತು. ೧೮೭೪ರಲ್ಲಿ ಟಿರೋಲ್ ಪ್ರಾಂತದ ಶಾಸನಸಭೆಯು ಅಡಿಜೆ ದಡದ ಸಾನ್ ಮಿಕೇಲೆ ಎಂಬ ಊರಿನಲ್ಲಿ, ಹಳೆಯ ಸಂನ್ಯಾಸಿಗಳ ಮಠದ ಕಟ್ಟಡದಲ್ಲಿ, ಒಂದು ಕೃಷಿ ಪಾಠಶಾಲೆಯನ್ನೂ ಪ್ರಯೋಗಶಾಲೆಯನ್ನೂ ಸ್ಥಾಪಿಸಿತು. ವಿಯೆನ್ನಾ ಬಳಿಯ ಕ್ಲೋಸ್ಟರ್‌ನಾಯ್‌ಬುರ್ಗ್ ಎಂಬಲ್ಲಿಂದ ಬಂದ ಎಡ್ಮಂಡ್ ಮಾಕ್ ಎಂಬ ವಿದ್ವಾಂಸರು ಅದರ ಮೊದಲನೆಯ ಮುಖ್ಯಾಧಿಕಾರಿ. ಪಾಠವನ್ನೂ ಪ್ರಯೋಗವನ್ನೂ ಒಂದೇ ಸೂರಿನಡಿಯಲ್ಲಿ ನಡೆಸಿ, ತೋಟದ ಮಕ್ಕಳನ್ನೇ ಶಿಷ್ಯರನ್ನಾಗಿ ಪಡೆದದ್ದು ಆ ಸಂಸ್ಥೆಯ ಬಲ. ಅದು ಇಂದಿಗೂ ಅಲ್ಲಿಯೇ ನಡೆಯುತ್ತಿದ್ದು ಮಾಕ್ ಅವರ ಹೆಸರನ್ನೇ ಹೊತ್ತಿರುವುದು.

ಸಹಕಾರದ ಬೀಜ ಬಿತ್ತಿದುದು ಬಡತನ. ರೇಷ್ಮೆಹುಳುವಿನ ರೋಗ, ಬಳ್ಳಿಯ ರೋಗಗಳು, ೧೮೮೨ರಲ್ಲಿ ಅಡಿಜೆ ನದಿಯ ಮಹಾಪ್ರವಾಹ, ಇವುಗಳಿಂದ ಸಾಲಕ್ಕೆ ಸಿಕ್ಕಿದ ಜನ ಊರು ಬಿಟ್ಟು ಅಮೆರಿಕ ಖಂಡಗಳಿಗೆ ಗುಳೆ ಹೋಗುತ್ತಿದ್ದರು. ಆಗ ಡಾನ್ ಲೊರೆಂಜೊ ಗುಯೆತ್ತಿ ಎಂಬ ಹಳ್ಳಿಯ ಪಾದ್ರಿಗಳು ೧೮೯೦ರಲ್ಲಿ ಪ್ರಾಂತದ ಮೊದಲನೆಯ ಸಹಕಾರ ಸಂಘವನ್ನೂ, ೧೮೯೨ರಲ್ಲಿ ಜರ್ಮನಿಯ ರೈಫೈಸೆನ್ನರ ಮಾದರಿಯ ಮೊದಲನೆಯ ಗ್ರಾಮೀಣ ಸಾಲದ ಸಂಘವನ್ನೂ ಏರ್ಪಡಿಸಿದರು. ಹದಿಮೂರು ವರ್ಷಗಳ ಮೇಲೆ, ೧೯೦೫ರಲ್ಲಿ, ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ತಮ್ಮ ಊರಿನವರನ್ನು ಕೂಡಿಸಿ ಭಾರತದ ಮೊದಲನೆಯ ಕೃಷಿ ಸಹಕಾರ ಸಂಘವನ್ನು ಕಟ್ಟಿದುದು ಇದೇ ಜಾಡಿನ ಕೆಲಸ. ಅಲ್ಲಿ ಪಾದ್ರಿ, ಇಲ್ಲಿ ಗೌಡರು: ಊರಿನ ಜನ ನಂಬುವ ಒಬ್ಬನು ಮುಂದೆ ನಿಂತುದೇ ಎರಡೂ ಕಡೆಯಲ್ಲಿ ಆರಂಭ.

ಮುಂದೆ ದ್ರಾಕ್ಷಿಯವರೂ ಕೂಡಿ ರಸ ತೆಗೆಯುವ ಸಂಘಗಳನ್ನು ಮಾಡಿಕೊಂಡರು. ಮೆಜೊಕೊರೊನ ಎಂಬ ಊರಿನದು ೧೯೦೪ರಲ್ಲಿ ಹುಟ್ಟಿತು. ಇಂತಹ ಹಲವು ಸಂಘಗಳ ಒಕ್ಕೂಟವಾದ ಕಾವಿಟ್ ೧೯೫೦ರಲ್ಲಿ ಏರ್ಪಟ್ಟಿತು. ಈಗ ಪ್ರಾಂತದ ಹಣ್ಣಿನ ಬಹುಪಾಲು ಸಂಘಗಳ ಮೂಲಕವೇ ಹೋಗುವುದು. ಕಟ್ಟುಪಾಡು ಬಿಗಿಯಾದುದು: ಸದಸ್ಯನು ತನ್ನ ಬೆಳೆಯನ್ನು ಸಂಘಕ್ಕೇ ತರಬೇಕು, ಪೇಟೆಯಲ್ಲಿ ಬೆಲೆ ಏರಿದಾಗ ಒಳ್ಳೆಯದನ್ನು ಹೊರಗೆ ಮಾರಿ, ಇಳಿದಾಗ ಸಂಘದ ಬಾಗಿಲಿಗೆ ಬರುವಂತಿಲ್ಲ. ತೂಕದ ಜೊತೆಗೆ ರಸದ ಸಕ್ಕರೆಯ ಅಂಶ, ಹಣ್ಣಿನ ಆರೋಗ್ಯ, ತೋಟವಿರುವ ಸ್ಥಾನ ಇವುಗಳನ್ನೆಲ್ಲಾ ನೋಡಿ ದರ ಕಟ್ಟುವರು. ಹಣವೂ ಒಮ್ಮೆಗೇ ಬರದೆ ವರ್ಷದಲ್ಲಿ ಕಂತುಕಂತಾಗಿ ಬರುವುದು. ಕೈಯಲ್ಲಿ ಕಾಸಿಲ್ಲದವನಿಗೆ ಇದು ಕಷ್ಟವೇ ಸರಿ. ಸಂಘಗಳು ಗಾತ್ರದಲ್ಲಿ ಬೆಳೆದಂತೆ ಅಗ್ಗದ ದ್ರಾಕ್ಷಾರಸವನ್ನು ಹೇರಳವಾಗಿ ಹೊರದೇಶಗಳಿಗೆ ತುಂಬಿ ಪ್ರಾಂತದ ಹೆಸರನ್ನು ಕೆಳಗಿಳಿಸಿದುವೆಂಬ ಆಕ್ಷೇಪಣೆಯೂ ಉಂಟು. ಅದು ಪೂರ್ತಿಯಾಗಿ ಸುಳ್ಳೆನ್ನುವುದಕ್ಕಿಲ್ಲ. ಆದರೆ ಸಂಘಗಳಿಲ್ಲದಿದ್ದರೆ ಮೂರು ಎಕರೆಯವನು ಈ ವೇಳೆಗೆ ತೋಟ ಮಾರಿ ಪಟ್ಟಣ ಸೇರಿರುತ್ತಿದ್ದನೆಂಬುದು ಅದಕ್ಕಿಂತ ದೊಡ್ಡ ನಿಜ.

ಶಾರ್ಡೊನೆಯನ್ನು ಟ್ರೆಂಟಿನೋದಲ್ಲಿ ಬೇರೂರಿಸಿದ ಕೀರ್ತಿ ಜೂಲಿಯೊ ಫೆರಾರಿ ಎಂಬುವರಿಗೆ ಸಲ್ಲುವುದು. ಇವರು ೧೮೭೯ರಲ್ಲಿ ಹುಟ್ಟಿ, ಸಾನ್ ಮಿಕೇಲೆಯ ಶಾಲೆಯಲ್ಲಿ ಓದಿ, ಫ್ರಾನ್ಸಿನ ಮೊಂಪೆಲ್ಯೇ ಪಟ್ಟಣದಲ್ಲಿ ವಿದ್ಯೆಯನ್ನು ಮುಂದುವರಿಸಿ, ಶಾಂಪೇನ್ ಸೀಮೆಯ ಎಪೆರ್ನೇ ಎಂಬಲ್ಲಿ ಕೆಲಸ ಕಲಿತರು. ಶಾಂಪೇನ್ ಸೀಮೆಯ ಹವೆಗೂ ತಮ್ಮ ಬೆಟ್ಟಗಳ ಹವೆಗೂ ಇರುವ ಹೋಲಿಕೆಯನ್ನು ಕಂಡು, ೧೯೦೨ರಲ್ಲಿ ಟ್ರೆಂಟೊದಲ್ಲಿ ಶಾರ್ಡೊನೆಯಿಂದ ನೊರೆಯ ದ್ರಾಕ್ಷಾರಸ ಮಾಡಲಾರಂಭಿಸಿದರು. ಐವತ್ತು ವರ್ಷ ದುಡಿದರೂ ಅವರು ತಯಾರಿಕೆಯನ್ನು ಹಿಗ್ಗಿಸಲಿಲ್ಲ. ವರ್ಷಕ್ಕೆ ಹತ್ತು ಸಾವಿರ ಸೀಸೆಗಳಿಗೂ ಕಡಮೆ. ಉತ್ತರಾಧಿಕಾರಿಗಳಾಗಲು ಮಕ್ಕಳಿರಲಿಲ್ಲ. ೧೯೫೨ರಲ್ಲಿ ಟ್ರೆಂಟೊದಲ್ಲಿಯೇ ದ್ರಾಕ್ಷಾರಸದ ಅಂಗಡಿಯಿಟ್ಟುಕೊಂಡಿದ್ದ ಬ್ರೂನೊ ಲುನೆಲ್ಲಿ ಎಂಬುವರಿಗೆ ಕಾರ್ಖಾನೆಯನ್ನು ಕೊಟ್ಟು, ೧೯೬೫ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿಯೇ ಕೆಲಸ ಮಾಡುತ್ತಿದ್ದರು.

ತಯಾರಿಕೆಯ ಕ್ರಮ ಹೀಗಿರುವುದು. ಹಣ್ಣನ್ನು ಕೈಯಿಂದಲೇ ಕೊಯ್ದು, ಗೊಂಚಲನ್ನು ಬಿಡಿಸದೆ ಇಡಿಯಾಗಿ ಮೆಲ್ಲನೆ ಹಿಂಡುವರು. ರಸವು ಹುದುಗಿ ತಿಳಿಯಾದ ಮೇಲೆ, ಮುಂದಿನ ವಸಂತದಲ್ಲಿ ಅದಕ್ಕೆ ಲೀಟರಿಗೆ ಸುಮಾರು ೨೪ ಗ್ರಾಂ ಸಕ್ಕರೆಯನ್ನೂ ಹೊಸ ಹುದುಗನ್ನೂ ಸೇರಿಸಿ ದಪ್ಪ ಗಾಜಿನ ಸೀಸೆಗಳಿಗೆ ತುಂಬಿ ಮುಚ್ಚುವರು. ಸೀಸೆಯೊಳಗೆ ಎರಡನೆಯ ಸಲ ಹುದುಗೆದ್ದು, ಹುಟ್ಟಿದ ಅನಿಲಕ್ಕೆ ಹೊರದಾರಿಯಿಲ್ಲದೆ ರಸದಲ್ಲಿಯೇ ಕರಗುವುದು. ನಾಲ್ಕು ಗ್ರಾಂ ಸಕ್ಕರೆಗೆ ಒಂದು ವಾಯುಭಾರದಂತೆ ಸೀಸೆಯ ಒತ್ತಡ ಆರಕ್ಕೆ ಏರುವುದು. ದೊಡ್ಡ ಬಸ್ಸಿನ ಚಕ್ರದ ಗಾಳಿಯ ಒತ್ತಡಕ್ಕೆ ಇದು ಹತ್ತಿರ. ಹಿಂದಿನ ಕಾಲದಲ್ಲಿ ನೆಲಮಾಳಿಗೆಗಳಲ್ಲಿ ಸೀಸೆಗಳು ಸಿಡಿಯುತ್ತಿದ್ದುದು ಆಶ್ಚರ್ಯವಲ್ಲ.

ಆಮೇಲೆ ಕಾಯುವುದೇ ಕೆಲಸ. ಸತ್ತ ಹುದುಗು ಕರಗಿ ರಸಕ್ಕೆ ರೊಟ್ಟಿಯ, ಬೀಜಗಳ ಪರಿಮಳವನ್ನು ಕೊಡಲು ತಿಂಗಳುಗಳು ಬೇಕು. ೧೯೯೩ರಲ್ಲಿ ಸರ್ಕಾರದಿಂದ 'ಟ್ರೆಂಟೊ' ಎಂಬ ಸ್ಥಳನಾಮಕ್ಕೆ ರಕ್ಷಣೆ ದೊರೆತು, ಅದನ್ನು ಸೀಸೆಯ ಮೇಲೆ ಹಾಕಬೇಕಾದರೆ ಕಡಮೆಯೆಂದರೆ ೧೫ ತಿಂಗಳು, ಒಂದೇ ವರ್ಷದ ಬೆಳೆಯೆಂದು ನಮೂದಿಸಬೇಕಾದರೆ ೨೪, 'ರಿಸೆರ್ವ' ಎನ್ನಬೇಕಾದರೆ ೩೬ ತಿಂಗಳು ಗಸಿಯ ಮೇಲಿಡಬೇಕೆಂದು ವಿಧಿಯಾಯಿತು. ಬಳಿಕ ಸೀಸೆಗಳನ್ನು ಓರೆಹಲಗೆಯ ತೂತುಗಳಲ್ಲಿ ಕತ್ತು ಕೆಳಗಾಗಿ ಸಿಕ್ಕಿಸಿ, ದಿನವೂ ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಗಸಿಯನ್ನು ಬಿರಡೆಯ ಬಳಿಗೆ ತರುವರು. ಈಗ ಈ ಕೆಲಸವನ್ನು ಬಹುಮಟ್ಟಿಗೆ ಯಂತ್ರಗಳು ಮಾಡುವುವು. ಕತ್ತನ್ನು ಅತಿಶೀತಲವಾದ ದ್ರವದಲ್ಲಿ ಅದ್ದಿ ಗಸಿಯನ್ನು ಹೆಪ್ಪುಗಟ್ಟಿಸಿ, ಬಿರಡೆ ತೆಗೆದರೆ ಒತ್ತಡಕ್ಕೆ ಗಸಿಯ ಗಡ್ಡೆ ಹೊರಕ್ಕೆ ಚಿಮ್ಮುವುದು. ಕಡಮೆಯಾದಷ್ಟನ್ನು ತುಂಬಿ, ಬೆಂಡಿನ ಬಿರಡೆಯಿಟ್ಟು ತಂತಿ ಬಿಗಿಯುವರು.

ಲುನೆಲ್ಲಿಯವರ ಮಗ ಮಾವ್ರೊ ಎಂಬುವರು ೧೯೭೨ರ ಬೆಳೆಯಿಂದ, ಬೆಟ್ಟದ ಮೇಲಿನ ಒಂದೇ ತೋಟದ ಬರಿಯ ಶಾರ್ಡೊನೆಯ ಕೆಲವು ಸೀಸೆಗಳನ್ನು ಬೇರೆಯಾಗಿ ಎತ್ತಿಟ್ಟರು. ಅವು ಮಾರಾಟಕ್ಕೆ ಬಂದುದು ೧೯೮೦ರಲ್ಲಿ, ಸಂಸ್ಥಾಪಕರ ಹೆಸರಿನಲ್ಲಿ. ಬೆಟ್ಟದ ಹುಳಿಯು ರಸವನ್ನು ಅಷ್ಟು ವರ್ಷ ಕೆಡದಂತೆ ಹಿಡಿದಿತ್ತು. ಅಂದಿನಿಂದ ಆ ಹೆಸರಿನ ಸೀಸೆಗೆ ಹತ್ತು ವರ್ಷದ ಆಸುಪಾಸಿನ ವಿಶ್ರಾಂತಿ ವಾಡಿಕೆಯಾಗಿದ್ದು, ಮೇಲುಬೆಟ್ಟದ ಶಾರ್ಡೊನೆಗೆ ಯಾವ ಮರ್ಯಾದೆ ಸಲ್ಲಬಹುದೆಂಬುದ ಇಡೀ ಪ್ರಾಂತಕ್ಕೆ ಕಂಡಿತು.

ಈಗ ಹವೆಯೇ ಬದಲಾಗುತ್ತಿದೆ. ಹಿಂದಿನ ತಲೆಮಾರಿನವರು ಕೊಯ್ಯುತ್ತಿದ್ದ ದಿನಗಳಿಗಿಂತ ಮೊದಲೇ ಈಗ ಕೊಯ್ಲು ಬರುತ್ತಿರುವುದು; ಕಣಿವೆಯ ತಳದ ಶಾರ್ಡೊನೆ ಬೇಗ ಸಿಹಿಯೇರಿ ಹುಳಿ ಕಳೆದುಕೊಳ್ಳುವುದು. ಬೇಗ ಚಿಗುರಿದ ಬಳ್ಳಿಗೆ ಏಪ್ರಿಲಿನ ಮಂಜಿನ ಭಯವೂ ಹೆಚ್ಚು. ಆದುದರಿಂದ ಮೇಲಿನ ನೆಲಕ್ಕೆ ಬೇಡಿಕೆ ಏರಿದೆ. ಟ್ರೆಂಟೊದಿಂದ ಈಶಾನ್ಯಕ್ಕಿರುವ ಚೆಂಬ್ರ ಎಂಬ ಇಕ್ಕಟ್ಟಾದ ಕಣಿವೆ ಇದಕ್ಕೆ ನಿದರ್ಶನ. ಅಲ್ಲಿ ಗಡುಸಾದ ಕೆಂಗಲ್ಲಿನ ಬೆಟ್ಟವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಹೇರಿ ಕಟ್ಟಿದ ಗೋಡೆಗಳ ಹಿಂದೆ ಮಣ್ಣು ನಿಲ್ಲಿಸಿದ್ದಾರೆ. ಈ ಗೋಡೆಗಳನ್ನು ಒಂದಕ್ಕೊಂದು ಜೋಡಿಸಿದರೆ ನೂರಾರು ಮೈಲಿಗಳುದ್ದವಾಗುವುವು. ಮೆಟ್ಟಿಲುಗಳ ಮೇಲೆ ಟ್ರ್ಯಾಕ್ಟರು ಹೋಗದು. ಬಯಲಿನ ತೋಟಕ್ಕಿಂತ ಹಲವು ಪಾಲು ಹೆಚ್ಚಾಗಿ ಕೈಕೆಲಸ ಬೇಕು. ಗಾರೆಯಿಲ್ಲದ ಗೋಡೆ ಮಳೆನೀರನ್ನು ಸಂದುಗಳಿಂದ ಹೊರಬಿಡುವುದರಿಂದ ನೂರು ವರ್ಷ ನಿಲ್ಲುವುದು. ಆದರೆ ಒಂದು ಕಲ್ಲು ಜರುಗಿದಾಗಲೇ ನೋಡಿ ಕೂರಿಸದಿದ್ದರೆ ಒಂದು ಮಳೆಗಾಲದಲ್ಲಿ ಮೆಟ್ಟಿಲೇ ಕುಸಿಯುವುದು. ಅಜ್ಜಂದಿರು ಕಟ್ಟಿದ ಗೋಡೆಯನ್ನು ಮತ್ತೆ ಕಟ್ಟಬಲ್ಲ ಕೈಗಳು ಊರಿನಲ್ಲಿ ಕಡಮೆಯಾಗುತ್ತಾ ಬಂದುದರಿಂದ, ಒಣಗಲ್ಲಿನ ಗೋಡೆ ಕಟ್ಟುವುದನ್ನು ಕಲಿಸುವ ಶಾಲೆಯೊಂದನ್ನು ಪ್ರಾಂತದಲ್ಲಿ ಈಚೆಗೆ ತೆರೆದಿದ್ದಾರೆ.